ಫೋನಿಗೂ ಒಂದು ವಾರಾಬಂದಿ: ನಿದ್ದೆ, ಮೊಬೈಲ್ ಮತ್ತು ಹುರುಪನ್ನು ಹೊಂದಿಸಿಕೊಳ್ಳುವ ಬಗೆ

ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ, ತೊಗರಿ ಬರುವ ದಿನಗಳಲ್ಲಿ, ಒಬ್ಬ ರೈತರ ಪಟ್ಟಿಯಲ್ಲಿ 87 ಚೀಲ ಎಂದು ಬರೆಯಬೇಕಾದ ಕಡೆ 78 ಎಂದು ಬರೆದುಬಿಟ್ಟೆ. ಅವರೇ ನೋಡಿ, "ತಮ್ಮಾ, ಒಂಬತ್ತು ಚೀಲ ಎಲ್ಲಿ ಹೋದ್ವು?" ಎಂದು ಕೇಳಿದರು. ತಪ್ಪು ತಿದ್ದಿದೆವು, ಅವರ ಹಣ ಪೂರ್ತಿ ಸಿಕ್ಕಿತು. ಆದರೆ ಅವರಿಗೆ ಓದಲು ಬರದೇ ಇದ್ದಿದ್ದರೆ? ಒಂಬತ್ತು ಚೀಲ ತೊಗರಿ ಅಂದರೆ ಒಂದು ಮನೆಯ ಎಷ್ಟೋ ದಿನಗಳ ಗಂಜಿ. ಆ ಯೋಚನೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುತ್ತದೆ.

ಅದರ ಹಿಂದಿನ ರಾತ್ರಿ ನಾನು ಒಂದೂವರೆವರೆಗೆ ಎಚ್ಚರವಿದ್ದೆ. ಕೈಯಲ್ಲಿ ಫೋನ್. ನೋಡುತ್ತಿದ್ದದ್ದು, ಬೆಳಗಿನ ನಾಲ್ಕಕ್ಕೆ ಎದ್ದು ಓದಿ ಗೆದ್ದವರ ಮಾತುಗಳನ್ನು. ಸರ್ಕಾರಿ ನೌಕರಿಯ ಎಫ್‌ಡಿಎ ಪರೀಕ್ಷೆಗೆ ನಾನೂ ಓದುತ್ತಿದ್ದೆ. ಆ ವಿಡಿಯೊ ನೋಡಿದಾಗ ಮೈ ಜುಮ್ಮೆನ್ನುತ್ತಿತ್ತು, ನಾಲ್ಕೂವರೆಗೆ ಅಲಾರಂ ಇಡುತ್ತಿದ್ದೆ. ಬೆಳಿಗ್ಗೆ ಅದನ್ನು ಆರಿಸಿ ಮತ್ತೆ ಮಲಗುತ್ತಿದ್ದೆ. ದಿನವೆಲ್ಲ 'ನನ್ನಲ್ಲಿ ಛಲ ಇಲ್ಲ' ಎಂದು ಕೊರಗುತ್ತಿದ್ದೆ. ಹೀಗೆ ಸುಮಾರು ಒಂದು ವರ್ಷ ಕಳೆಯಿತು.

ನಮ್ಮ ಹೊಲ ಇರುವುದು ಸಿರವಾರ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಮುನಿರಾಬಾದಿನಲ್ಲಿ ಹೊರಟ ನೀರು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆ ದಾಟಿ ನಮ್ಮ ಕಡೆ ಬರಬೇಕು. ಕಾಲುವೆ 200 ಕಿಲೋಮೀಟರಿಗೂ ಉದ್ದ. ಮೇಲಿನವರು ಭತ್ತಕ್ಕೆ ಬೇಕಾದಷ್ಟು ಎಳೆದುಕೊಂಡರೆ ನಮ್ಮ ಪಾಲಿಗೆ ಒಣ ಕಾಲುವೆ. ಅದಕ್ಕೇ ವಾರಾಬಂದಿ ಮಾಡುತ್ತಾರೆ: ಇಷ್ಟು ದಿನ ಈ ಭಾಗಕ್ಕೆ, ಇಷ್ಟು ದಿನ ಆ ಭಾಗಕ್ಕೆ. ಅಣೆಕಟ್ಟಿನಲ್ಲಿ ನೀರು ಕಡಿಮೆ ಇದ್ದಾಗಲೂ ಸರದಿ ಸರಿಯಾಗಿ ನಡೆದರೆ ಕೊನೆಯ ಹೊಲಕ್ಕೂ ಒಂದಿಷ್ಟು ಮುಟ್ಟುತ್ತದೆ.

ನನ್ನ ದಿನವೂ ಹಾಗೇ ಇತ್ತು. ಗಮನ ಅನ್ನೋ ನೀರನ್ನೆಲ್ಲ ಬೆಳಿಗ್ಗೆಯೇ ಫೋನ್ ಎಳೆದುಕೊಳ್ಳುತ್ತಿತ್ತು. ಸಂಜೆ ಏಳರ ಓದು ಕಾಲುವೆಯ ಕೊನೆಯ ಹೊಲ. ಅಲ್ಲಿಗೆ ಏನೂ ಉಳಿಯುತ್ತಿರಲಿಲ್ಲ. ಇನ್ನು ಅಣೆಕಟ್ಟು ತುಂಬುವುದೇ ನಿದ್ದೆಯಿಂದ. ಅದನ್ನೂ ನಾನು ಖಾಲಿ ಮಾಡಿಕೊಂಡಿದ್ದೆ. ಇಷ್ಟು ಅರ್ಥವಾದ ಮೇಲೆ ಕೆಲಸದ ಕ್ರಮ ತಿರುವುಮುರುವು ಮಾಡಿದೆ. ಮೊದಲು ನಿದ್ದೆ, ಆಮೇಲೆ ಫೋನು, ಕೊನೆಗೆ ಹುರುಪು. ಹುರುಪಿನಿಂದ ಶುರು ಮಾಡಿದವರು ಸೋಲುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಇದು ಫೋನ್ ಬಿಟ್ಟುಬಿಡಿ ಎನ್ನುವ ಬರಹ ಅಲ್ಲ. ನನಗೆ ಫೋನೇ ಅಂಗಡಿ. ಮಧ್ಯಾಹ್ನ ಟೆಂಡರ್ ದರ ಬಂತೆಂದರೆ ಹತ್ತಾರು ಹಳ್ಳಿಗಳಿಗೆ ತಿಳಿಸಬೇಕು. ಹಣ ಹಾಕಿದ್ದನ್ನು ಫೋನಿನಲ್ಲೇ ತೋರಿಸಬೇಕು. ನಿಮ್ಮಲ್ಲೂ ಅನೇಕರದ್ದು ಹೀಗೇ ಇರುತ್ತದೆ, ಅಲ್ವಾ?

ಹಂತ 1: ಒಂದು ವಾರ ಸುಮ್ನೆ ಬರೆದಿಡಿ

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ದಿನಕ್ಕೊಂದು ಸಾಲು. ಮಲಗಿದ ಹೊತ್ತು, ಎದ್ದ ಹೊತ್ತು, ಫೋನಿನ ಒಟ್ಟು ಸಮಯ, ಮತ್ತು ಆ ದಿನ ಮನಸ್ಸಿಟ್ಟು ಮಾಡಿದ ಒಂದು ಕೆಲಸ. ಇಷ್ಟೇ.

ಫೋನಿನ ಸಮಯವನ್ನು ಅಂದಾಜಿನಲ್ಲಿ ಬರೆಯಬೇಡಿ. ನಮ್ಮ ಅಂದಾಜು ತಪ್ಪುವುದೇ ಜಾಸ್ತಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಎಂಬ ಭಾಗ ಇದೆ. ಯಾವ ಆ್ಯಪ್ ಎಷ್ಟು ಹೊತ್ತು, ಎಷ್ಟು ಸಲ ಫೋನ್ ಅನ್‌ಲಾಕ್ ಮಾಡಿದಿರಿ, ಎಷ್ಟು ನೋಟಿಫಿಕೇಶನ್ ಬಂದವು, ಎಲ್ಲ ಅಲ್ಲಿ ಕಾಣುತ್ತದೆ. ಐಫೋನಿನಲ್ಲಿ ಅದರ ಹೆಸರು 'ಸ್ಕ್ರೀನ್ ಟೈಮ್'. ನಾನು ದಿನಕ್ಕೆ ಎರಡು ಗಂಟೆ ಅಂದುಕೊಂಡಿದ್ದೆ. ತೋರಿಸಿದ್ದು ಐದೂವರೆ.

ವಾರದ ಕೊನೆಗೆ ಆ ಆ್ಯಪ್‌ಗಳನ್ನು ಮೂರು ಗುಂಪು ಮಾಡಿ. ಒಂದು, ದುಡಿಮೆಯ ಫೋನ್: ದರ, ಹಣ, ಕೆಲಸದ ಕರೆ, ಓದಿನ ಪಾಠ. ಎರಡು, ನಂಟಿನ ಫೋನ್: ಅಕ್ಕನ ಜೊತೆ ಮಾತು, ಊರಿನ ಸುದ್ದಿ, ಗೆಳೆಯರು. ಮೂರು, ಕಾರಣವೇ ಇಲ್ಲದ ಫೋನ್. ಕೈ ತಾನಾಗಿ ಜೇಬಿಗೆ ಹೋಗಿ, ಯಾಕೆ ತೆಗೆದೆ ಎಂದು ಮರೆತು, ಅರ್ಧ ಗಂಟೆ ಕಳೆಯುವುದು ಇದು. ನನ್ನ ಐದೂವರೆ ಗಂಟೆಯಲ್ಲಿ ಮೂರು ಗಂಟೆ ಈ ಕೊನೆಯ ಗುಂಪಿನದ್ದು. ನಾವು ಮೊಟಕು ಮಾಡಬೇಕಾದದ್ದು ಇದೊಂದನ್ನೇ. ಮೊದಲ ಎರಡನ್ನು ಕಿತ್ತುಕೊಂಡರೆ ಬದುಕೇ ನಿಲ್ಲುತ್ತದೆ, ಮೂರು ದಿನದಲ್ಲಿ ಮತ್ತೆ ಹಳೆಯ ದಾರಿಗೆ ಬರುತ್ತೀರಿ.

ಓದುವ ಹುಡುಗರಿಗೆ ಒಂದು ಮಾತು. ಪರೀಕ್ಷೆಗೆಂದು ಸೇರಿದ ಟೆಲಿಗ್ರಾಂ ಗುಂಪುಗಳು ಯಾವ ಸಾಲಿಗೆ ಸೇರುತ್ತವೆ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ನಾನು 14 ಗುಂಪಿನಲ್ಲಿದ್ದೆ. ನೂರಾರು ಪಿಡಿಎಫ್ ಇಳಿಸಿಕೊಂಡಿದ್ದೆ. ಪೂರ್ತಿ ಓದಿದ್ದು ಎರಡು.

ಹಂತ 2: ಮೊದಲ ನೀರು ನಿದ್ದೆಗೆ

ಈ ಹಂತದಲ್ಲಿ ಅವಸರ ಮಾಡಬೇಡಿ. ಕನಿಷ್ಠ ಎರಡು ವಾರ ಕೊಡಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ದೊಡ್ಡವರಿಗೆ ರಾತ್ರಿ 7 ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ಹದಿಹರೆಯದ ಮಕ್ಕಳಿಗೆ 8ರಿಂದ 10 ಗಂಟೆ. ನಿದ್ದೆಯಲ್ಲಿ ಮಿದುಳು ಸುಮ್ಮನೆ ಬಿದ್ದಿರುವುದಿಲ್ಲ. ಸುಮಾರು 90 ನಿಮಿಷದ ಸುತ್ತುಗಳಲ್ಲಿ ಗಾಢ ನಿದ್ದೆ, ಕನಸಿನ ನಿದ್ದೆ ಬಂದು ಹೋಗುತ್ತವೆ. ಹಗಲು ಓದಿದ್ದು, ಕಲಿತದ್ದು ಗಟ್ಟಿಯಾಗುವುದು ಆಗಲೇ. ಕನಸಿನ ನಿದ್ದೆಯ ಹೆಚ್ಚಿನ ಪಾಲು ಬೆಳಗಿನ ಜಾವದಲ್ಲಿರುತ್ತದೆ. ತಡವಾಗಿ ಮಲಗಿ ನಾಲ್ಕಕ್ಕೆ ಎದ್ದು ಓದಿದರೆ, ಆ ಪಾಲನ್ನೇ ಕತ್ತರಿಸಿಕೊಂಡಂತೆ.

ಏಳುವ ಹೊತ್ತನ್ನು ಗಟ್ಟಿ ಮಾಡಿ. ಮಲಗುವ ಹೊತ್ತು ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ, ಏಳುವುದು ಇರುತ್ತದೆ. ನಾನು 5.45 ಎಂದು ಹಿಡಿದೆ, ಭಾನುವಾರವೂ ಅದೇ. ಎದ್ದ ಮೇಲೆ ಹತ್ತು ಹದಿನೈದು ನಿಮಿಷ ಹೊರಗಿನ ಬೆಳಕಿನಲ್ಲಿ ಓಡಾಡಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಹೋಗುತ್ತದೆ, ರಾತ್ರಿ ನಿದ್ದೆಯೂ ಹೊತ್ತಿಗೆ ಬರುತ್ತದೆ. ನಾನು ಮಾವಿನ ಕೆರೆ ಕಡೆ ಹೋಗಿ ಬರುತ್ತೇನೆ. ಹಳ್ಳಿಯಲ್ಲಿದ್ದರೆ ಹೊಲದ ದಾರಿ ಇದ್ದೇ ಇದೆ.

ಈಗ ನಮ್ಮ ಸೀಮೆಯ ದೊಡ್ಡ ಸಮಸ್ಯೆ: ಸೆಕೆ. ನಿದ್ದೆ ಬರಬೇಕಾದರೆ ಮೈಯ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಬಿಸಿ 40 ಡಿಗ್ರಿ ದಾಟುವುದು ಮಾಮೂಲು. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ಆ ಶಾಖವನ್ನು ನಡುರಾತ್ರಿವರೆಗೆ ಕೆಳಗೆ ಬಿಡುತ್ತಲೇ ಇರುತ್ತದೆ. ಕೋಣೆ ಕುಲುಮೆಯಾಗಿರುತ್ತದೆ, ನಿದ್ದೆ ಬರುವುದಿಲ್ಲ, ಕೈ ಫೋನಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಫೋನ್ ಸಮಯ ಏರಲು ನಮ್ಮಲ್ಲಿ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ.

ನಾವು ಮಾಡಿದ್ದು ಹೀಗೆ. ಯುಗಾದಿಗೆ ಮುಂಚೆ ಛಾವಣಿಯ ಮೇಲ್ಭಾಗಕ್ಕೆ ದಪ್ಪಗೆ ಸುಣ್ಣ ಬಳಿದೆವು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಎಸೆಯುತ್ತದೆ, ಕೋಣೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಹೊತ್ತು ಮುಳುಗಿದ ಮೇಲೆ ಛಾವಣಿಗೆ ನೀರು ಚಿಮುಕಿಸುತ್ತೇವೆ. ಹಗಲು ಪಡುವಣ ಕಿಟಕಿ ಮುಚ್ಚಿ ಪರದೆ ಎಳೆಯುತ್ತೇವೆ, ರಾತ್ರಿ ಎದುರುಬದುರು ಕಿಟಕಿ ತೆರೆಯುತ್ತೇವೆ. ಕೂಲರ್ ಇದ್ದವರು ಅದನ್ನು ಕಿಟಕಿಗೆ ಹೊಂದಿಸಿ, ಇನ್ನೊಂದು ಕಡೆ ಗಾಳಿ ಹೋಗಲು ದಾರಿ ಬಿಡಿ. ಬಾಗಿಲು ಕಿಟಕಿ ಎಲ್ಲ ಮುಚ್ಚಿದರೆ ಒಳಗೆ ತೇವ ತುಂಬಿ ಬೆವರು ಆರುವುದಿಲ್ಲ. ಮಲಗುವ ಮುಂಚೆ ತಣ್ಣೀರಲ್ಲ, ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದುಕೊಳ್ಳಿ. ಆಮೇಲೆ ಮೈ ಬೇಗ ತಂಪಾಗುತ್ತದೆ.

ಮಾಳಿಗೆಯ ಮೇಲೆ ಮಲಗುವ ರೂಢಿ ನಮ್ಮ ಹಿರಿಯರದ್ದು. ಅದನ್ನು ಬಿಟ್ಟಿದ್ದು ದೊಡ್ಡ ನಷ್ಟ. ಹೊರಸು ಹಾಕಿ, ಸೊಳ್ಳೆ ಪರದೆ ಕಟ್ಟಿ, ಕುಡಿಯಲು ನೀರಿನ ತಂಬಿಗೆ ಇಟ್ಟುಕೊಂಡು ಮಲಗಿದರೆ ನಡುರಾತ್ರಿಯ ಹೊತ್ತಿಗೆ ತಂಗಾಳಿ ಸಿಗುತ್ತದೆ. ಒಂದೇ ಷರತ್ತು, ಫೋನ್ ಕೆಳಗೇ ಇರಬೇಕು. ಮೊದಲ ದಿನ ನಾನು ಫೋನ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಅವ್ವ ಕೆಳಗಿನಿಂದ, "ಯಪ್ಪಾ, ಚುಕ್ಕಿ ನೋಡಾಕ ಹೊಂಟಿ, ಅದನ್ಯಾಕ ತಗೊಂಡು ಹೊಂಟಿ?" ಎಂದಳು. ಅವತ್ತಿನಿಂದ ಅದು ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಚಾರ್ಜ್ ಆಗುತ್ತದೆ.

ಅಲಾರಂಗೆ ಫೋನ್ ಬೇಕಲ್ಲ ಎನ್ನುತ್ತೀರಾ? ಒಂದು ಸಣ್ಣ ಟೇಬಲ್ ಗಡಿಯಾರ ಕೊಳ್ಳಿ. ನಾನು ಮಾಡಿದ ಖರ್ಚುಗಳಲ್ಲಿ ಇಷ್ಟು ಲಾಭ ಕೊಟ್ಟದ್ದು ಇನ್ನೊಂದಿಲ್ಲ. ಅಲಾರಂ ಆರಿಸಲು ಫೋನ್ ಮುಟ್ಟಿದರೆ ಕಣ್ಣು ಬಿಡುವ ಮುಂಚೆಯೇ ಐದು ಗುಂಪಿನ ಗುಡ್ ಮಾರ್ನಿಂಗ್ ಓದಿರುತ್ತೇವೆ.

ಚಹಾದ ಲೆಕ್ಕವೂ ಇರಲಿ. ಗಂಜ್‌ನಲ್ಲಿ ಯಾರು ಬಂದರೂ ಚಹಾ. ಒಬ್ಬ ದೊಡ್ಡವರ ಮೈಯಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ನಾಲ್ಕರ ನಂತರ ನಾನು ಮಜ್ಜಿಗೆಗೆ ಬದಲಾದೆ. ಮೊದಲು ಸಾವಕಾರರು, "ಯಾಕ್ ತಮ್ಮಾ, ಆರಾಮಿಲ್ಲೇನು?" ಎಂದು ಕೇಳುತ್ತಿದ್ದರು. ಈಗ ಅವರೂ ಒಂದು ಲೋಟ ಮಜ್ಜಿಗೆ ತರಿಸಿಕೊಳ್ಳುತ್ತಾರೆ.

ಮಧ್ಯಾಹ್ನದ ನಿದ್ದೆ ಸೋಮಾರಿತನ ಅಲ್ಲ. ನಮ್ಮ ಬಿಸಿಲಿಗೆ ಅದು ಬೇಕು. ಆದರೆ 20ರಿಂದ 30 ನಿಮಿಷ, ಮೂರು ಗಂಟೆಗೆ ಮುಂಚೆ. ಅದಕ್ಕಿಂತ ಉದ್ದವಾದರೆ ತಲೆ ಭಾರವಾಗುತ್ತದೆ, ರಾತ್ರಿಯ ನಿದ್ದೆಗೂ ಕುತ್ತು. ಹಾಸಿಗೆಯಲ್ಲಿ ಬಿದ್ದು ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಕೂರಿ, ಮಂದ ಬೆಳಕಿನಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾಗಿ, ಹಗಲೆಲ್ಲ ತೂಕಡಿಸುವವರು ವೈದ್ಯರಿಗೆ ತೋರಿಸಲೇಬೇಕು. ಅದಕ್ಕೆ ಈ ಹಂತಗಳು ಮದ್ದಲ್ಲ.

ಪಾಳಿ ಕೆಲಸದವರಿಗೆ

ಶಕ್ತಿನಗರದ ವಿದ್ಯುತ್ ಕೇಂದ್ರ, ಹಟ್ಟಿಯ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ನಮ್ಮ ಸೀಮೆಯ ಸಾವಿರಾರು ಮನೆಗಳು ಪಾಳಿಯ ಮೇಲೆ ನಡೆಯುತ್ತವೆ. ನನ್ನ ಭಾವ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ಮೊದಲು ಎರಡು ಗಂಟೆ ಫೋನ್ ನೋಡುತ್ತಿದ್ದ. ಆಮೇಲೆ ಬಿಸಿಲು ಏರಿ, ಮಕ್ಕಳ ಸದ್ದು ಶುರುವಾಗಿ, ನಿದ್ದೆಯೇ ಇಲ್ಲ.

ಅವನಿಗೆ ನೆರವಾದದ್ದು ನಾಲ್ಕು. ಬರುವ ದಾರಿಯಲ್ಲಿ ಕಪ್ಪು ಕನ್ನಡಕ, ಬೆಳಗಿನ ಬೆಳಕು 'ಏಳು' ಎಂದು ಮಿದುಳಿಗೆ ಹೇಳದಿರಲಿ ಎಂದು. ಬಂದ ಕೂಡಲೇ ಹಗುರ ಊಟ, ತಡಮಾಡದೆ ಮಲಗುವುದು. ಕಿಟಕಿಗೆ ದಪ್ಪ ಕೌದಿಯ ಪರದೆ. ಫೋನ್ ಅಕ್ಕನ ಕೈಗೆ. ಕಾರ್ಖಾನೆಯಿಂದ ಕರೆ ಬಂದರೆ ಮಾತ್ರ ಎಬ್ಬಿಸುತ್ತಾಳೆ, ಮಿಕ್ಕವರಿಗೆ "ಮಲಗ್ಯಾರ್ರೀ, ನಾಕಕ್ಕ ಮಾಡ್ರಿ" ಎನ್ನುತ್ತಾಳೆ. ಅಕ್ಕ ಈ ಜವಾಬ್ದಾರಿ ಹೊತ್ತದ್ದರಿಂದಲೇ ಅದು ನಡೆಯಿತು. ಒಬ್ಬರ ನಿದ್ದೆ ಇಡೀ ಮನೆಯ ಕೆಲಸ.

ಇನ್ನೊಂದು: ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತ ಬೈಕ್ ಓಡಿಸಬೇಡಿ. ಕಣ್ಣು ಎಳೆಯುತ್ತಿದ್ದರೆ ಅಲ್ಲೇ ಇಪ್ಪತ್ತು ನಿಮಿಷ ಒರಗಿ, ಆಮೇಲೆ ಹೊರಡಿ, ಇಲ್ಲವೇ ಬಸ್ ಹಿಡಿಯಿರಿ.

ಹಂತ 3: ಫೋನಿಗೆ ಸರದಿ ಹಚ್ಚಿ

ನಿದ್ದೆ ಸ್ವಲ್ಪ ಸುಧಾರಿಸಿದ ಮೇಲೆ ಇದಕ್ಕೆ ಬನ್ನಿ. ದಣಿದ ತಲೆಗೆ ಬೇಡ ಎನ್ನುವ ಶಕ್ತಿ ಇರುವುದಿಲ್ಲ.

ಫೋನ್ ನಮ್ಮನ್ನು ಹಿಡಿಯುವುದು ಯಾಕೆ ಎಂದು ತಿಳಿದರೆ ನಮ್ಮ ಮೇಲೆ ನಮಗೆ ಸಿಟ್ಟು ಕಡಿಮೆಯಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಕೊಕ್ಕಿನಿಂದ ಕುಟ್ಟಿದರೆ ಕಾಳು ಬೀಳುತ್ತದೆ. ಆದರೆ ಎಷ್ಟನೇ ಸಲಕ್ಕೆ ಬೀಳುತ್ತದೆ ಎಂದು ಗೊತ್ತಿಲ್ಲದಂತೆ ಮಾಡಿದಾಗ ಹಕ್ಕಿ ಬಿಡದೆ ಕುಟ್ಟುತ್ತಲೇ ಇರುತ್ತದೆ. ಚಿಕ್ಕ ವಿಡಿಯೊಗಳು ಹೀಗೇ. ಹತ್ತರಲ್ಲಿ ಒಂದು ಚೆಂದ ಇರುತ್ತದೆ, ಯಾವುದು ಎಂದು ಗೊತ್ತಿಲ್ಲ. ಕೊನೆಯೇ ಇಲ್ಲದೆ ಕೆಳಗೆ ಸರಿಯುವ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಬೇಸರಪಟ್ಟಿದ್ದಾರೆ. ಹಾಗಾಗಿ ಬರೀ ಗಟ್ಟಿ ಮನಸ್ಸನ್ನು ನಂಬಬೇಡಿ. ಕಾಲುವೆಗೆ ಗೇಟು ಬೇಕು.

ಮೊದಲ ಗೇಟು, ನೋಟಿಫಿಕೇಶನ್. ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದೇ ಆ್ಯಪ್ ನೋಡಿ. ಮನುಷ್ಯರು ನಿಮಗೆಂದೇ ಕಳಿಸುವುದು, ಹಣದ ಸಂದೇಶ, ಇವೆರಡು ಇರಲಿ. ಅಂಗಡಿ ಆ್ಯಪ್, ಆಟ, ಸುದ್ದಿ, ವಿಡಿಯೊ ಎಲ್ಲ ಬಂದ್. ಅರ್ಧ ಗಂಟೆಯ ಕೆಲಸ. ನನ್ನ ಫೋನಿನ ಸದ್ದು ಆ ದಿನವೇ ಕಾಲು ಭಾಗಕ್ಕೆ ಇಳಿಯಿತು.

ಎರಡನೆಯದು, ವಾಟ್ಸ್ಆ್ಯಪ್. ಗುಂಪುಗಳನ್ನು ಮ್ಯೂಟ್ ಮಾಡಿ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂಬ ಮೂರು ಆಯ್ಕೆ ಇವೆ. 'ಯಾವಾಗಲೂ' ಒತ್ತಿ. ಗುಂಪಿನಲ್ಲಿರುವವರಿಗೆ ಇದು ಗೊತ್ತಾಗುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಪದೇ ಪದೇ ಕೈ ಎಳೆಯುವ ಗುಂಪನ್ನು ಆರ್ಕೈವ್ ಮಾಡಿ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ 'ಗ್ರೂಪ್ಸ್' ತೆರೆದು, ಪರಿಚಯದವರು ಮಾತ್ರ ಗುಂಪಿಗೆ ಸೇರಿಸುವಂತೆ ಮಾಡಿ. ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನೂ ನಿಲ್ಲಿಸಿ.

ಮೂರನೆಯದು 'ಡು ನಾಟ್ ಡಿಸ್ಟರ್ಬ್'. ಇದಕ್ಕೆ ಹೆದರುವವರು ಜಾಸ್ತಿ. ಊರಲ್ಲಿ ಅಪ್ಪನಿಗೆ ಏನಾದರೂ ಆದರೆ? ಆ ಭಯ ನ್ಯಾಯವಾದದ್ದು. ಮನೆಯವರನ್ನು ಕಾಂಟ್ಯಾಕ್ಟ್‌ನಲ್ಲಿ ಸ್ಟಾರ್ ಮಾಡಿ, 'ಸ್ಟಾರ್ಡ್ ಕಾಂಟ್ಯಾಕ್ಟ್' ಕರೆಗಳಿಗೆ ಅನುಮತಿ ಕೊಡಿ. ಆಂಡ್ರಾಯ್ಡ್‌ನಲ್ಲಿ 'ರಿಪೀಟ್ ಕಾಲರ್ಸ್' ಎಂಬ ಆಯ್ಕೆಯೂ ಇದೆ. ಅದನ್ನು ಆನ್ ಮಾಡಿದರೆ 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಸಲ ಕರೆ ಬಂದರೆ ನಿಮ್ಮ ಫೋನ್ ರಿಂಗ್ ಆಗುತ್ತದೆ. ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ: "ತುರ್ತು ಇದ್ರ ಎರಡು ಸಲ ಹಚ್ಚು." ಅವರಿಗೆ ಕೂಡಲೇ ಅರ್ಥವಾಯಿತು.

ಇನ್ನು ಸರದಿ. ನನ್ನದು ಹೀಗಿದೆ. ಎದ್ದ ಮೇಲೆ ಮೊದಲ ಒಂದು ಗಂಟೆ ಫೋನ್ ಇಲ್ಲ. ಹತ್ತರಿಂದ ಆರರವರೆಗೆ ದುಡಿಮೆಯ ಫೋನ್ ಮಾತ್ರ. ಆರರಿಂದ ಏಳು ನಂಟಿನ ಫೋನ್: ಊರಿಗೆ ಕರೆ, ಗೆಳೆಯರಿಗೆ ಉತ್ತರ. ಏಳರಿಂದ ಒಂಬತ್ತು ಓದು, ಫೋನ್ ಇನ್ನೊಂದು ಕೋಣೆಯಲ್ಲಿ. ಊಟದ ನಂತರ ಅರ್ಧ ಗಂಟೆ ಏನು ಬೇಕಾದರೂ ನೋಡುತ್ತೇನೆ, ಸಂಕೋಚವಿಲ್ಲದೆ. ಹತ್ತಕ್ಕೆ ಫೋನ್ ಗೂಡಿಗೆ. ಆ ಅರ್ಧ ಗಂಟೆ ಬಹಳ ಮುಖ್ಯ. ಪೂರ್ತಿ ಬಂದ್ ಮಾಡಿದಾಗಲೆಲ್ಲ ನಾನು ಕದ್ದು ನೋಡಿದ್ದೇನೆ. ಸರದಿ ಗೊತ್ತಿದ್ದರೆ ಕಾಯಲು ಆಗುತ್ತದೆ.

ವ್ಯವಹಾರದವರಿಗೆ ನಿಮ್ಮ ಸರದಿ ತಿಳಿಸಿ. ನಾನು ರೈತರಿಗೆ ಹೇಳಿದೆ: "ದರ ಎರಡರಿಂದ ಮೂರರ ಒಳಗ ಹಾಕ್ತೀನಿ. ಏಳರ ಮ್ಯಾಲೆ ತುರ್ತಿದ್ರ ಫೋನ್ ಮಾಡ್ರಿ, ಮೆಸೇಜ್ ಹಾಕಿದ್ರ ಮುಂಜಾನೆ ನೋಡ್ತೀನಿ." ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ದರ ಯಾವಾಗ ಬರುತ್ತದೆ ಎಂದು ಗೊತ್ತಾದದ್ದರಿಂದ ಅವರೂ ದಿನಕ್ಕೆ ಹತ್ತು ಸಲ ಫೋನ್ ತೆಗೆಯುವುದು ತಪ್ಪಿತು.

ಯೂಟ್ಯೂಬ್‌ನಲ್ಲಿ ಪಾಠ ಕೇಳುವವರು ಆಟೊಪ್ಲೇ ಆಫ್ ಮಾಡಿ. ವಾಚ್ ಹಿಸ್ಟರಿಯನ್ನು ಅಳಿಸಿ ಆಫ್ ಮಾಡಿದರೆ ಮೊದಲ ಪುಟದಲ್ಲಿ ವಿಡಿಯೊಗಳ ಸಾಲು ಬರುವುದೇ ನಿಲ್ಲುತ್ತದೆ, ಬೇಕಾದ ಪಾಠವನ್ನು ಹುಡುಕಿಯೇ ನೋಡಬೇಕು. ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪ್ ಟೈಮರ್ ಇಟ್ಟರೆ ದಿನದ ಮಿತಿ ಮುಗಿದ ಕೂಡಲೇ ಆ ಆ್ಯಪ್ ಮಂಕಾಗುತ್ತದೆ. ರಾತ್ರಿ ಪರದೆಯನ್ನು ಕಪ್ಪು ಬಿಳುಪು ಮಾಡುವ ಬೆಡ್‌ಟೈಮ್ ಮೋಡ್ ಕೂಡ ಅಲ್ಲೇ ಇದೆ.

ಹಂತ 4: ಹುರುಪು ಬರುವ ದಾರಿ

ಮೂರನೇ ವಾರದ ಹೊತ್ತಿಗೆ ನನಗೊಂದು ಬದಲಾವಣೆ ಕಂಡಿತು. ಓದಲು ಕೂರುವ ಮುಂಚೆ ಯಾವ ವಿಡಿಯೊ ನೋಡುವ ಅಗತ್ಯವೂ ಬೀಳಲಿಲ್ಲ. ತಲೆ ಹಗುರ ಇತ್ತು, ಕೂತೆ, ಅಷ್ಟೇ. ಕೆಲಸ ಶುರುವಾದ ಮೇಲೆ ಹುರುಪು ಬರುತ್ತದೆ. ನಾವು ಅದು ಮೊದಲು ಬರಲಿ ಎಂದು ಕಾಯುತ್ತಾ ಕೂರುತ್ತೇವೆ.

ಶುರು ಮಾಡಲು ನೆರವಾಗುವ ಒಂದು ಬಗೆಯನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ವಿವರಿಸಿದ್ದಾರೆ. 'ನಾಳೆಯಿಂದ ಚೆನ್ನಾಗಿ ಓದುತ್ತೇನೆ' ಎಂದು ಹೇಳಿಕೊಳ್ಳುವ ಬದಲು, ಯಾವಾಗ, ಎಲ್ಲಿ, ಏನು ಎಂದು ಮೊದಲೇ ಬರೆಯುವುದು. 'ಸಂಜೆ ಕೈಕಾಲು ತೊಳೆದ ಕೂಡಲೇ ಪಡಸಾಲೆಯ ಮೇಜಿಗೆ ಕೂತು ಕರ್ನಾಟಕ ಇತಿಹಾಸದ ನಾಲ್ಕು ಪುಟ ಓದುತ್ತೇನೆ.' ಹೀಗೆ. ಆ ಹೊತ್ತಿಗೆ ಮತ್ತೆ ಯೋಚಿಸುವ ಕೆಲಸ ಇರುವುದಿಲ್ಲ.

ಮೊದಲ ಅಳತೆ ಚಿಕ್ಕದಿರಲಿ. 25 ನಿಮಿಷ ಓದು, 5 ನಿಮಿಷ ಎದ್ದು ಓಡಾಟ. ಗಡಿಯಾರವನ್ನೇ ಇಟ್ಟುಕೊಳ್ಳಿ, ಫೋನ್ ಟೈಮರ್ ಬೇಡ. ಮುಗಿದ ಪ್ರತಿ ಸುತ್ತಿಗೂ ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆಯಿರಿ. ಹಮಾಲರು ಚೀಲ ಎಣಿಸುವಾಗ ಐದಕ್ಕೊಂದು ಅಡ್ಡಗೆರೆ ಹಾಕುತ್ತಾರಲ್ಲ, ಹಾಗೆ. ಸಂಜೆಗೆ ನಾಲ್ಕು ಗೆರೆ ಕಂಡರೆ ಮನಸ್ಸಿಗೆ ಆಗುವ ಖುಷಿ ಬೇರೆಯೇ.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಳಗಿನಿಂದ ಬರುವ ಹುರುಪಿಗೆ ಮೂರು ಬೇಕು ಎನ್ನುತ್ತಾರೆ. ಇದನ್ನು ನಾನೇ ಆರಿಸಿದ್ದು ಎಂಬ ಭಾವ, ನನಗೆ ಇದು ಬರುತ್ತಿದೆ ಎಂಬ ನಂಬಿಕೆ, ಜೊತೆಗೆ ಜನ ಇದ್ದಾರೆ ಎಂಬ ನೆಮ್ಮದಿ. ಮೂರನೆಯದನ್ನು ನಾವು ಮರೆಯುತ್ತೇವೆ. ಕೋಣೆಯಲ್ಲಿ ಒಬ್ಬರೇ ಕೂತು ಸೋಲುವ ಹುಡುಗರಿಗೆ ಗ್ರಂಥಾಲಯದ ಒಂದು ಬೆಂಚು, ಎದುರಿಗೊಬ್ಬ ಗೆಳೆಯ ಸಿಕ್ಕರೆ ಎಷ್ಟೋ ಬದಲಾಗುತ್ತದೆ. ನಾವು ಮೂವರು ಭಾನುವಾರ ಬೆಳಿಗ್ಗೆ ಹಾಗೆ ಕೂರುತ್ತೇವೆ. ಮುಗಿದ ಮೇಲೆ ಒಗ್ಗರಣಿ ಮಿರ್ಚಿ. ತಿನ್ನುವಾಗ ಫೋನ್ ಮೂರೂ ಜೇಬಿನಲ್ಲಿ.

'21 ದಿನ ಮಾಡಿದರೆ ರೂಢಿಯಾಗುತ್ತದೆ' ಎಂಬ ಮಾತನ್ನು ನಂಬಿ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ರೂಢಿ ತಾನಾಗಿ ನಡೆಯಲು ಹಿಡಿದದ್ದು ಸಾಮಾನ್ಯವಾಗಿ 66 ದಿನ. ಕೆಲವರಿಗೆ 18, ಕೆಲವರಿಗೆ 254 ಎಂಬ ಅಂದಾಜೂ ಬಂತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂಬುದೂ ಅದರಲ್ಲೇ ಕಂಡಿತು.

ಹಂತ 5: ಬಿಡುವನ್ನು ಬಿಡುವಾಗಿಯೇ ಇಡಿ

ಐದು ನಿಮಿಷ ಸಿಕ್ಕರೆ ಫೋನ್ ತೆಗೆಯುವುದು ಬಿಡುವಲ್ಲ. ಕಣ್ಣಿಗೂ ತಲೆಗೂ ಅದು ಇನ್ನೊಂದು ಕೆಲಸ. ಪರದೆ ನೋಡಿ ದುಡಿಯುವವರು ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ ಏನನ್ನಾದರೂ 20 ಸೆಕೆಂಡು ನೋಡಿ. ನಾನು ಅಂಗಡಿ ಎದುರಿನ ಬೇವಿನ ಮರ ನೋಡುತ್ತೇನೆ.

ಸಂಜೆ ಕೋಟೆ ಗುಡ್ಡ ಹತ್ತಿ, ಕಟ್ಟೆಯ ಮೇಲೆ ಕೂತು ಹರಟಿ, ಅವ್ವನ ಜೊತೆ ಪುಂಡಿ ಪಲ್ಯ ಸೋಸಿ. ಕೈಗೆ ಕೆಲಸ ಇದ್ದು ತಲೆಗೆ ಕೆಲಸ ಇಲ್ಲದ ಹೊತ್ತು ನನಗೆ ಎಲ್ಲಕ್ಕಿಂತ ಹೆಚ್ಚು ಆರಾಮ ಕೊಟ್ಟಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಊಟದ ಹೊತ್ತಿಗೆ ಎಲ್ಲರ ಫೋನೂ ಒಂದೇ ಗೂಡಿಗೆ ಹೋಗಲಿ, ದೊಡ್ಡವರದ್ದು ಮೊದಲು.

ತಪ್ಪಿದಾಗ, ಕೈ ಮೀರಿದಾಗ

ಸುಗ್ಗಿ ಬರುತ್ತದೆ, ಮದುವೆ ಬರುತ್ತದೆ, ಗವಿಮಠದ ಜಾತ್ರೆ ಬರುತ್ತದೆ. ಕ್ರಮ ತಪ್ಪುತ್ತದೆ. ಆಗ ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋಗಬೇಡಿ. ಮರುದಿನ ಏಳುವ ಹೊತ್ತೊಂದನ್ನು ಹಿಡಿಯಿರಿ. ಎರಡು ಮೂರು ದಿನದಲ್ಲಿ ಮಿಕ್ಕದ್ದು ಹಿಂದೆಯೇ ಬರುತ್ತದೆ.

ಆದರೆ ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಹಾಳಾಗಿದೆ, ಊಟ ಸೇರುತ್ತಿಲ್ಲ, ಬದುಕೇ ಬೇಡ ಎನಿಸುತ್ತಿದೆ ಅಂದರೆ ಅದು ಸೋಮಾರಿತನ ಅಲ್ಲ, ಕಾಯಿಲೆ ಇರಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಫೋನ್ ಅಥವಾ ಗೇಮ್ ಬಿಡಲು ಆಗದೆ ಓದು, ಕೆಲಸ ನಿಂತೇ ಹೋದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಎಂಬ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ದಯವಿಟ್ಟು ನಾಚಿಕೆ ಪಟ್ಟುಕೊಂಡು ಒಳಗೇ ಇಟ್ಟುಕೊಳ್ಳಬೇಡಿ.

ಭಾನುವಾರದ ಹತ್ತು ನಿಮಿಷ

ವಾರಕ್ಕೊಮ್ಮೆ ನೋಟ್‌ಬುಕ್ ತೆರೆದು ಕೂರಿ, ಸಾಧ್ಯವಾದರೆ ಮನೆಯ ಒಬ್ಬರ ಜೊತೆ. ಈ ವಾರ ಎಷ್ಟು ರಾತ್ರಿ 7 ಗಂಟೆ ನಿದ್ದೆಯಾಯಿತು? ಕಾರಣವಿಲ್ಲದ ಫೋನ್ ಎಷ್ಟು ಹೊತ್ತು? ಎಷ್ಟು ಗೆರೆ ಬಿದ್ದವು? ಇವನ್ನು ನೋಡಿ ಮುಂದಿನ ವಾರಕ್ಕೆ ಒಂದೇ ಒಂದು ಬದಲಾವಣೆ ಬರೆಯಿರಿ. ಎರಡು ಬೇಡ.

ನನ್ನ ಜೊತೆ ಕೂರುವುದು ಅವ್ವ. ಅವಳಿಗೆ ಓದು ಬರುವುದಿಲ್ಲ, ಗೆರೆ ಎಣಿಸಲು ಬರುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ಎಣಿಸುತ್ತಾಳೆ. ಕಳೆದ ವಾರ ಗುರುವಾರದ ಸಾಲು ಖಾಲಿ ಇತ್ತು. "ಇಲ್ಲಿ ಯಾಕ ನೀರ ಮುಟ್ಟಿಲ್ಲ?" ಎಂದು ಕೇಳಿದಳು. ಬುಧವಾರ ರಾತ್ರಿ ಕರೆಂಟು ಹೋಗಿತ್ತು, ಸೆಕೆಗೆ ನಿದ್ದೆಯಾಗಿರಲಿಲ್ಲ. ಈ ವಾರದ ಬದಲಾವಣೆ ಅದೇ: ಕರೆಂಟು ಇರಲಿ ಬಿಡಲಿ, ಹೊರಸು ಸಂಜೆಯೇ ಮಾಳಿಗೆಗೆ ಹೋಗಬೇಕು.